ಆಕ್ಸೊಲಾಟಲ್‌ಗೆ ಜಲಪಾತ ಬೇಕಿಲ್ಲ

ಅಕ್ವೇರಿಯಂ ಫಿಲ್ಟರ್‌ಗಳ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಒಂದೇ ಲೆಕ್ಕ, ಗಂಟೆಗೆ ಎಷ್ಟು ಲೀಟರ್ ಎಂಬುದು. 800, 1000, 1200. ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ, ಮಾರುವವರ ಉತ್ಸಾಹವೂ ಏರುತ್ತದೆ. ಆಕ್ಸೊಲಾಟಲ್ ಎಂಬ ನೀರಿನ ಪ್ರಾಣಿಯನ್ನು ಸಾಕುವವರು ಆ ಸಂಖ್ಯೆಯ ಕಡೆ ಕಣ್ಣೆತ್ತಿಯೂ ನೋಡಬಾರದು ಎಂಬುದು ನನ್ನ ಅಭಿಪ್ರಾಯ. ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ಗಂಟಲು ಒಣಗಿದೆ. ಆದ್ದರಿಂದ ಒಮ್ಮೆ ಬರೆದು ಬಿಡುತ್ತಿದ್ದೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಕೋಲಾರದಂತಹ ಊರಿಗೂ ಈ ಜೀವಿ ಹೇಗೆ ಬಂತು ಎಂದು ಹಿರಿಯರು ಕೇಳುತ್ತಾರೆ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಮಕ್ಕಳ ವಿಡಿಯೊ ಗೇಮ್‌ನಲ್ಲಿ ಅದು ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಬೊಂಬೆ, ಪೆನ್ಸಿಲ್ ಡಬ್ಬಿ, ಟಿ-ಶರ್ಟ್. ಕೊನೆಗೆ ಮಕ್ಕಳ ಹಟಕ್ಕೆ ಸೋತ ಅಪ್ಪಂದಿರು ಬೆಂಗಳೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಜೀವಂತ ಪ್ರಾಣಿಯನ್ನೇ ತಂದರು. ತಲೆಯ ಎರಡೂ ಬದಿಗೆ ಗರಿಯಂತಹ ಕಿವಿರುಗಳು, ಯಾವಾಗಲೂ ನಗುತ್ತಿರುವಂತೆ ಕಾಣುವ ಬಾಯಿ. ಮೀನು ಎಂದುಕೊಂಡು ತಂದವರೇ ಹೆಚ್ಚು. ಅದು ಮೀನಲ್ಲ, ಸಲಮಾಂಡರ್ ಜಾತಿಯ ಉಭಯವಾಸಿ. ಕಪ್ಪೆಯ ಮರಿಗೆ ಕಿವಿರು ಉದುರಿ ಕಾಲು ಬಂದು ದಡ ಹತ್ತುವ ಕಾಲವೊಂದಿದೆ. ಇದು ಆ ಕಾಲಕ್ಕೆ ಕಾಯುವುದೇ ಇಲ್ಲ, ಕಿವಿರು ಇಟ್ಟುಕೊಂಡೇ ಪ್ರಾಯಕ್ಕೆ ಬಂದು ಮೊಟ್ಟೆ ಇಟ್ಟು ನೀರಿನಲ್ಲೇ ಬದುಕು ಮುಗಿಸುತ್ತದೆ.

ಫಿಲ್ಟರ್‌ನ ಮಾತು ಬರುವ ಮೊದಲು ಇದರ ತವರಿನ ವಿಷಯ ಹೇಳಲೇಬೇಕು. ಮೆಕ್ಸಿಕೊ ನಗರದ ದಕ್ಷಿಣ ಭಾಗದಲ್ಲಿ ಸೊಚಿಮಿಲ್ಕೊ ಎಂಬ ಕಾಲುವೆಗಳ ಪ್ರದೇಶವಿದೆ. ಒಂದು ಕಾಲದಲ್ಲಿ ದೊಡ್ಡ ಸರೋವರ, ಅದರೊಳಗೆ ಮಣ್ಣು ತುಂಬಿ ಮಾಡಿದ ಚಿನಾಂಪ ಎಂಬ ಬೇಸಾಯದ ನಡುಗಡ್ಡೆಗಳು, ನಡುವೆ ತಣ್ಣಗೆ ನಿಂತಂತೆ ಹರಿಯುವ ನೀರು. ಆಕ್ಸೊಲಾಟಲ್ ಹುಟ್ಟಿದ್ದು, ಬೆಳೆದದ್ದು ಆ ನೀರಿನಲ್ಲಿ. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿನ ಬುಗ್ಗೆಗಳ ನೀರನ್ನು ನಗರ ಕುಡಿಯಲು ಕೊಂಡೊಯ್ದಿತು. ಬದಲಿಗೆ ಕಾಲುವೆಗಳಿಗೆ ಬಿಟ್ಟದ್ದು ಅದೇ ನಗರದ ಸಂಸ್ಕರಿಸಿದ ಕೊಳಚೆ ನೀರನ್ನು. ಕೋಲಾರದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ, ಎರಡನೇ ಹಂತದ ಸಂಸ್ಕರಣೆ ಸಾಕೇ, ಮೂರನೇ ಹಂತ ಬೇಕೇ ಎಂದು ಟೀ ಅಂಗಡಿಯಲ್ಲೂ ವಾದ ಮಾಡಿದವರು ನಾವು. ಸೊಚಿಮಿಲ್ಕೊದಲ್ಲಿ ಅದರ ಜೊತೆಗೆ ಸಾಕಣೆಗೆಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳು ಮರಿಗಳನ್ನು ನುಂಗಿದವು. 1998ರ ಸಮೀಕ್ಷೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಇದ್ದ ಆಕ್ಸೊಲಾಟಲ್, 2014ರ ಹೊತ್ತಿಗೆ 36ಕ್ಕೆ ಇಳಿದಿತ್ತು. ಮೆಕ್ಸಿಕೊದ 50 ಪೆಸೊ ನೋಟಿನ ಮೇಲೆ ಅದರ ಚಿತ್ರವಿದೆ. ಕಾಲುವೆಯಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ತವರಿನಿಂದ ನಾವು ತೆಗೆದುಕೊಳ್ಳಬೇಕಾದದ್ದು ಎರಡು ಸಂಗತಿ. ನೀರು ತಣ್ಣಗಿರಬೇಕು, 16ರಿಂದ 18 ಡಿಗ್ರಿ ಸೆಲ್ಸಿಯಸ್ ಉತ್ತಮ, 24 ದಾಟಿದರೆ ಪ್ರಾಣಿ ನರಳುತ್ತದೆ. ಮತ್ತು ನೀರು ಸೆಳೆಯಬಾರದು. ಇದು ಪ್ರವಾಹಕ್ಕೆ ಎದುರಾಗಿ ಈಜುವ ಜೀವಿಯಲ್ಲ. ತಳದಲ್ಲಿ ನಡೆಯುತ್ತದೆ, ಎಲ್ಲೋ ಒಂದು ಕಡೆ ಕುಳಿತುಕೊಳ್ಳುತ್ತದೆ, ಎದುರಿಗೆ ಹುಳ ಬಂದರೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ.

ಪರಿಚಯದವರೊಬ್ಬರ ಮನೆಯಲ್ಲಿ ಎರಡು ಅಡಿ ಟ್ಯಾಂಕಿಗೆ ಅಂಗಡಿಯವರು ಒಳಗೇ ಮುಳುಗಿಸುವ ಪವರ್ ಫಿಲ್ಟರ್ ಹಾಕಿಸಿದ್ದರು. ನೀರೇನೋ ಗಾಜಿನಂತಿತ್ತು, ತಳದಲ್ಲಿ ಒಂದು ಕಸವಿಲ್ಲ. ಮನೆಯವರಿಗೆ ಬಹಳ ಹೆಮ್ಮೆ. ಆಕ್ಸೊಲಾಟಲ್ ಮಾತ್ರ ಫಿಲ್ಟರ್‌ಗೆ ದೂರದ ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡಿತ್ತು. ಕಿವಿರಿನ ಕಾಂಡಗಳು ಮುಂದಕ್ಕೆ ಬಾಗಿ ಮುಖದ ಕಡೆ ತಿರುಗಿದ್ದವು. ಬಾಲದ ತುದಿ ಕೊಕ್ಕೆಯಂತೆ ಸುರುಳಿಯಾಗಿತ್ತು. "ಶಾಂತ ಸ್ವಭಾವ ಅಣ್ಣ, ಅಲ್ಲೇ ಕುಳಿತಿರುತ್ತದೆ, ಊಟವೂ ಕಡಿಮೆ" ಎಂದರು. ಸ್ವಿಚ್ ಆರಿಸಿ ಕಾಫಿ ಕುಡಿಯುತ್ತಾ ಕುಳಿತೆವು. ಲೋಟ ಖಾಲಿಯಾಗುವಷ್ಟರಲ್ಲಿ ಅದು ಮೂಲೆ ಬಿಟ್ಟು ತಳದಲ್ಲಿ ನಿಧಾನವಾಗಿ ಓಡಾಡತೊಡಗಿತ್ತು. ಮುಂದಕ್ಕೆ ಬಾಗಿದ ಕಿವಿರು ಮತ್ತು ಕೊಕ್ಕೆಯಾದ ಬಾಲ, ಇವೆರಡೂ ಒತ್ತಡದ ಲಕ್ಷಣಗಳು. ನೀರು ಕೆಟ್ಟರೂ, ಬಿಸಿಯಾದರೂ ಹೀಗೆಯೇ ಆಗುತ್ತದೆ, ಹಾಗಾಗಿ ಬರೀ ಸೆಳೆತವನ್ನೇ ದೂರಿ ಸುಮ್ಮನಾಗಬೇಡಿ. ಆದರೆ ಸ್ವಿಚ್ ಆರಿಸಿ ನೋಡುವುದಕ್ಕೆ ಖರ್ಚಿಲ್ಲ.

ಹಾಗಾದರೆ ಫಿಲ್ಟರ್ ಇಲ್ಲದೆ ಸಾಕಬಹುದೇ ಎನ್ನುವವರಿಗೆ: ಬೇಡ. ಇದು ಮಾಂಸಾಹಾರಿ, ಎರೆಹುಳ ತಿನ್ನುವ ಪ್ರಾಣಿ, ಹೊಲಸು ಜಾಸ್ತಿ. ಆ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ. ಅಮೋನಿಯ ಅದರ ತೆಳು ಚರ್ಮವನ್ನೂ ಕಿವಿರನ್ನೂ ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಇದು ಎಷ್ಟೋ ವಾಸಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಫಿಲ್ಟರ್‌ನ ನಿಜವಾದ ಕೆಲಸ ಇಷ್ಟೇ, ಈ ಬ್ಯಾಕ್ಟೀರಿಯಗಳಿಗೆ ಅಂಟಿಕೊಳ್ಳಲು ಜಾಗ ಕೊಟ್ಟು, ಉಸಿರಾಡಲು ಆಮ್ಲಜನಕ ಇರುವ ನೀರನ್ನು ಅವುಗಳ ಮೈಮೇಲೆ ಹಾಯಿಸುವುದು. ಬೆಂಗಳೂರಿನ ಸಂಸ್ಕರಣಾ ಘಟಕದಲ್ಲಿ ಹೊಲಸನ್ನು ತಿನ್ನುವುದೂ ಗಾಳಿ ಉಣಿಸಿ ಬೆಳೆಸಿದ ಬ್ಯಾಕ್ಟೀರಿಯಗಳೇ. ಕಣ್ಣಿಗೆ ಕಾಣುವ ಕಸವನ್ನು ಎಳೆದುಕೊಳ್ಳುವುದು ಎರಡನೆಯ ಮಾತು. ಅಂಗಡಿಯವರು ಮಾರುವುದು ಆ ಎರಡನೆಯ ಮಾತನ್ನು.

ಜಾಗ ಬೇಕು, ಗಾಳಿ ಬೇಕು, ರಭಸ ಬೇಡ. ಈ ಮೂರೂ ಒಟ್ಟಿಗೆ ಸಿಗುವುದು ಅಂಗಡಿಯಲ್ಲಿ ಧೂಳು ಹಿಡಿದು ಕುಳಿತ ಸ್ಪಂಜ್ ಫಿಲ್ಟರ್‌ನಲ್ಲಿ. ಏರ್ ಪಂಪ್‌ನಿಂದ ಸಣ್ಣ ಪೈಪಿನಲ್ಲಿ ಬಂದ ಗಾಳಿ ನಡುವಿನ ಕೊಳವೆಯೊಳಗೆ ಗುಳ್ಳೆಯಾಗಿ ಮೇಲೇರುತ್ತದೆ. ಗುಳ್ಳೆ ಬೆರೆತ ನೀರು ಹಗುರ, ಅದು ಮೇಲೆ ಹೋದಂತೆ ಹೊರಗಿನ ನೀರು ಸ್ಪಂಜಿನ ಸಾವಿರಾರು ರಂಧ್ರಗಳ ಮೂಲಕ ಒಳಗೆ ಬರುತ್ತದೆ. ಸ್ಪಂಜಿನ ಮೈ ತುಂಬಾ ಹರಡಿಕೊಂಡ ಸೆಳೆತವಾದ್ದರಿಂದ ಕಿವಿರನ್ನು ತಾಗಿಸಿದರೂ ಅಪಾಯವಿಲ್ಲ. ನಮ್ಮ ಮನೆಯದು ಸ್ಪಂಜಿಗೆ ಒರಗಿಕೊಂಡೇ ಮಲಗುತ್ತದೆ. ಕೊಳ್ಳುವಾಗ ರಂಧ್ರ ದೊಡ್ಡದಿರುವ ಒರಟು ಸ್ಪಂಜನ್ನು ಆರಿಸಿ, ನಯವಾದದ್ದು ಬೇಗ ಕಟ್ಟಿಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದ ಟ್ಯಾಂಕಿನ ಅಳತೆಯನ್ನು ನಂಬದೆ ಒಂದು ಸೈಜ್ ದೊಡ್ಡದನ್ನೇ ಕೊಳ್ಳಿ. ಸಾಧ್ಯವಾದರೆ ಎರಡು ಹಾಕಿ, ಒಂದನ್ನು ತೊಳೆದ ವಾರ ಇನ್ನೊಂದು ಕೆಲಸ ಮಾಡುತ್ತಿರುತ್ತದೆ.

ಕೋಲಾರದ ಹವೆಗೂ ಕರೆಂಟಿಗೂ ಇದಕ್ಕಿಂತ ಹೊಂದುವ ಫಿಲ್ಟರ್ ನನಗೆ ಕಂಡಿಲ್ಲ. ಮುಳುಗಿಸುವ ಪವರ್ ಫಿಲ್ಟರ್‌ನ ಮೋಟಾರ್ ನೀರಿನೊಳಗೇ ಇರುತ್ತದೆ, ಅದರ ಬಿಸಿಯೆಲ್ಲ ನೀರಿಗೆ. ಏಪ್ರಿಲ್ ತಿಂಗಳಲ್ಲಿ ಒಂದೊಂದು ಡಿಗ್ರಿಗೂ ಫ್ಯಾನು, ತಣ್ಣೀರ ಬಾಟಲಿ ಎಂದು ಒದ್ದಾಡುವವರು ಟ್ಯಾಂಕಿನೊಳಗೆ ನಾವೇ ಒಂದು ಒಲೆ ಇಟ್ಟುಕೊಳ್ಳುವುದೇಕೆ? ಏರ್ ಪಂಪ್ ಹೊರಗೆ ಇರುತ್ತದೆ, ಗುಳ್ಳೆ ಒಡೆದು ಮೇಲ್ಮೈ ಕದಡುವುದರಿಂದ ನೀರು ಆವಿಯಾಗಿ ತುಸು ತಣಿಯುತ್ತದೆ ಕೂಡ. ಈ ಜಿಲ್ಲೆಯ ರೇಷ್ಮೆ ಸಾಕಣೆದಾರರಿಗೆ ಆವಿಯ ಈ ಉಪಾಯ ಹೊಸದಲ್ಲ, ಹುಳದ ಮನೆಗೆ ಒದ್ದೆ ಗೋಣಿ ಕಟ್ಟುವುದು ಇದೇ ಲೆಕ್ಕದಲ್ಲಿ. ಆದರೂ ಫ್ಯಾನು ಬೇಕೇ ಬೇಕು, ಬೇಸಿಗೆಯಲ್ಲಿ ನೀರು ತಣಿಸುವ ಚಿಲ್ಲರ್ ಯಂತ್ರ ಇಲ್ಲದೆ ಇಲ್ಲಿ ಸಾಕುವುದು ಕಷ್ಟ ಎಂಬುದನ್ನು ಮುಚ್ಚಿಡುವುದಿಲ್ಲ. ಚಿಲ್ಲರ್‌ನ ಬೆಲೆ ಕೇಳಿ ಹಿಂದೆ ಸರಿದವರಿಗೆ ನನ್ನ ಗೌರವವಿದೆ.

ಇನ್ನು ಕರೆಂಟು. ಹೊರಗೆ ಇಡುವ ಕ್ಯಾನಿಸ್ಟರ್ ಫಿಲ್ಟರ್ ಒಳ್ಳೆಯದೇ, ದೊಡ್ಡ ಟ್ಯಾಂಕ್ ಇರುವವರು, ನೀರು ಬೀಳುವ ಕಡೆ ತೂತುಗಳ ಉದ್ದ ಪೈಪ್ ಹಾಕಿ ಅದನ್ನು ಗಾಜಿನ ಗೋಡೆಗೆ ತಿರುಗಿಸಿ ರಭಸ ಮುರಿಯುವ ತಾಳ್ಮೆ ಇರುವವರು ಬಳಸಲಿ. ಎಳೆಯುವ ಬಾಯಿಗೆ ಸ್ಪಂಜ್ ತೊಡಿಸದಿದ್ದರೆ ಮರಿಯ ಕಾಲೋ ಕಿವಿರೋ ಸಿಕ್ಕಿಕೊಳ್ಳುತ್ತದೆ. ಆದರೆ ಅದು ಮುಚ್ಚಿದ ಡಬ್ಬ. ಕರೆಂಟ್ ಹೋಗಿ ಗಂಟೆಗಟ್ಟಲೆ ನಿಂತರೆ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಗಳು ಸಾಯತೊಡಗುತ್ತವೆ, ಕರೆಂಟ್ ಬಂದಾಗ ಆ ಕೊಳೆತ ನೀರೇ ಟ್ಯಾಂಕಿಗೆ ನುಗ್ಗುತ್ತದೆ. ಸ್ಪಂಜ್ ತೆರೆದ ನೀರಿನಲ್ಲೇ ಇರುವುದರಿಂದ ಅಷ್ಟು ಬೇಗ ಕೆಡುವುದಿಲ್ಲ. ಸಣ್ಣ ಏರ್ ಪಂಪ್ ಎಳೆಯುವುದು ಕೆಲವೇ ವಾಟ್, ಮನೆಯ ಯುಪಿಎಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಯುಪಿಎಸ್ ಇಲ್ಲದಿದ್ದರೆ ಬ್ಯಾಟರಿಯ ಏರ್ ಪಂಪ್ ಸಿಗುತ್ತದೆ. ಒಂದೇ ಒಂದು ಎಚ್ಚರಿಕೆ: ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಮ್ಮುಖವಾಗಿ ಇಳಿದು ಪಂಪಿಗೆ, ಅಲ್ಲಿಂದ ಸ್ವಿಚ್ ಬೋರ್ಡಿಗೆ ಬರುತ್ತದೆ. ಪೈಪಿನ ನಡುವೆ ಚೆಕ್ ವಾಲ್ವ್ ಎಂಬ ಬೆರಳುಗಾತ್ರದ ಬಿಡಿಭಾಗ ಹಾಕಿ. ಅಂಗಡಿಯವರು ಕೇಳದೆ ಕೊಡುವುದಿಲ್ಲ, ಅದರಲ್ಲಿ ಲಾಭವಿಲ್ಲ.

ಟ್ಯಾಂಕಿನ ಅಂಚಿಗೆ ತೂಗುಹಾಕುವ ಫಿಲ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದೊಂದು ಪುಟ್ಟ ಜಲಪಾತ. ಜಲ್ಲಿಯ ಕೆಳಗೆ ಹಾಸುವ ಹಳೆಯ ಕಾಲದ ತಟ್ಟೆ ಫಿಲ್ಟರ್ ಅಂತೂ ಬೇಡವೇ ಬೇಡ, ಅದಕ್ಕೆ ಜಲ್ಲಿ ಬೇಕು, ಆಕ್ಸೊಲಾಟಲ್ ಹುಳದ ಜೊತೆ ಜಲ್ಲಿಯನ್ನೂ ನುಂಗಿ ಹೊಟ್ಟೆ ಕಟ್ಟಿಕೊಂಡು ಸಾಯುತ್ತದೆ.

ನಮ್ಮ ಕೊಳವೆಬಾವಿ ನೀರಿನ ವಿಷಯ. ಪಾತ್ರೆಗೆ ಬಿಳಿ ಕರೆ ಕಟ್ಟುವ ಗಡಸು ನೀರು ಎಂದು ಹೆದರಿ ಬರೀ ಆರ್‌ಒ ನೀರು ತುಂಬಿಸುವವರಿದ್ದಾರೆ. ಆಕ್ಸೊಲಾಟಲ್‌ಗೆ ಸ್ವಲ್ಪ ಗಡಸು ನೀರೇ ಒಗ್ಗುತ್ತದೆ, ಲವಣವೇ ಇಲ್ಲದ ನೀರು ಒಗ್ಗುವುದಿಲ್ಲ. ಆದರೆ ಕ್ಷಾರ ಹೆಚ್ಚಿದ್ದರೆ ಅಮೋನಿಯ ಹೆಚ್ಚು ವಿಷವಾಗುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಬಿಸಿಲೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಇಲ್ಲಿ ಫಿಲ್ಟರ್ ಸಣ್ಣದಾದರೆ ನಡೆಯುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಕೊಳ್ಳಿ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು, ಸ್ವಲ್ಪ ಇದ್ದರೆ ಪರವಾಗಿಲ್ಲ ಎಂಬ ಮಾತಿಲ್ಲ.

ಸ್ಪಂಜ್ ತೊಳೆಯುವ ಬಗ್ಗೆ. ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಉಜ್ಜುವುದು ನಮ್ಮ ಮನೆಗಳ ಸಂಸ್ಕಾರ. ನಗರಸಭೆಯ ನೀರಿನ ಕ್ಲೋರಿನ್, ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್‌ನಲ್ಲಿ ಇಟ್ಟುಕೊಂಡು ಅದರಲ್ಲಿ ಎರಡು ಮೂರು ಬಾರಿ ಹಿಂಡಿದರೆ ಸಾಕು. ಮೊದಲ ಹಿಂಡಿಗೆ ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣದ ರಾಡಿ ಇಳಿಯುತ್ತದೆ. ಆರೋಗ್ಯವಂತ ಸ್ಪಂಜಿಗೆ ತೇವದ ಮಣ್ಣಿನ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಹೋಗುತ್ತಿಲ್ಲ ಎಂದು ಅರ್ಥ. ಸ್ಪಂಜ್ ಕಂದಾಗಿಯೇ ಇರಲಿ, ಅದು ಕೊಳೆಯಲ್ಲ. ಬಕೆಟ್ಟಿನ ನೀರನ್ನು ನಮ್ಮಮ್ಮ ಮಲ್ಲಿಗೆ ಗಿಡಕ್ಕೆಂದು ಕಾದು ಕುಳಿತಿರುತ್ತಾರೆ. ತಳದ ಮೇಲೆ ಬಿದ್ದ ಹಿಕ್ಕೆ, ಉಳಿದ ಹುಳದ ತುಂಡು ಇವನ್ನು ಸ್ಪಂಜ್ ಎಳೆಯುವುದಿಲ್ಲ, ಅದು ನಮ್ಮ ಕೆಲಸ. ಸೂಜಿ ಇಲ್ಲದ ದೊಡ್ಡ ಸಿರಿಂಜ್‌ನಲ್ಲಿ ದಿನಕ್ಕೊಮ್ಮೆ ಹೀರಿ ತೆಗೆದರೆ ಮುಗಿಯಿತು. ಈ ಒಂದು ಕೆಲಸ ತಪ್ಪಿಸಿಕೊಳ್ಳಲು ಜನ ಸಾವಿರಾರು ರೂಪಾಯಿಯ ಮೋಟಾರ್ ಕೊಳ್ಳುತ್ತಾರೆ.

ಕಾಗದಪತ್ರದ ವಿಷಯವನ್ನೂ ಸೇರಿಸಿಬಿಡುತ್ತೇನೆ. ಆಕ್ಸೊಲಾಟಲ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂತಹ ಜೀವಿಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರನ್ನು ಫಿಲ್ಟರ್ ಬಗ್ಗೆ ಕೇಳುವ ಮೊದಲು ಇದರ ಬಗ್ಗೆ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಹೊಸ ಸ್ಪಂಜ್ ಹಾಕಿದ ದಿನವೇ ಪ್ರಾಣಿಯನ್ನು ಬಿಡಬೇಡಿ. ಬ್ಯಾಕ್ಟೀರಿಯ ನೆಲೆಯೂರಲು ತಿಂಗಳೋ ಒಂದೂವರೆ ತಿಂಗಳೋ ಬೇಕು, ಅಲ್ಲಿಯವರೆಗೆ ಪ್ರಾಣಿ ಇಲ್ಲದ ಟ್ಯಾಂಕಿನ ನೀರಿಗೆ ಅಮೋನಿಯ ಉಣಿಸುತ್ತಾ ಪರೀಕ್ಷೆ ಮಾಡುತ್ತಿರಬೇಕು. ಬೇಗ ಆಗಬೇಕೆಂದರೆ ಆರೋಗ್ಯವಾಗಿರುವ ಹಳೆಯ ಟ್ಯಾಂಕಿನ ಸ್ಪಂಜನ್ನು ತಂದು ಹೊಸದರ ಪಕ್ಕದಲ್ಲಿ ಓಡಿಸಬಹುದು. ಇದಕ್ಕೆಂದೇ ನಾನು ಯಾವಾಗಲೂ ಒಂದು ಸ್ಪಂಜನ್ನು ಹೆಚ್ಚುವರಿಯಾಗಿ ಹಾಕಿರುತ್ತೇನೆ. ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯವರು ಬೇಕಿದ್ದರೆ ಮೆಸೇಜ್ ಮಾಡಿ, ದುಡ್ಡು ಬೇಡ. ಹೊಸ ಟ್ಯಾಂಕಿಗೆ ನೀರು ತುಂಬಿ, ಕ್ಲೋರಿನ್ ತೆಗೆದು, ಏರ್ ಪಂಪ್ ಸಿದ್ಧಮಾಡಿಟ್ಟು ಬನ್ನಿ. ಅಗಲ ಬಾಯಿಯ ಮುಚ್ಚಳದ ಡಬ್ಬಿ ತನ್ನಿ, ಸ್ಪಂಜ್ ನನ್ನ ಟ್ಯಾಂಕಿನ ನೀರಿನಲ್ಲೇ ಮುಳುಗಿರಬೇಕು. ಬಿಸಿಲು ಏರುವ ಮೊದಲು ಬಂದು, ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರ ಮನೆಗೆ ಹೋಗಿ ಪಂಪಿಗೆ ಜೋಡಿಸಿ.