ಟೆಂಪ್ಲೇಟ್ ಮಾಡಿದವರು ಕೆಲಸ ಬಿಟ್ಟಿದ್ದಾರೆ

ಹಿಂದೆಲ್ಲ ಹೊಸ ಸರ್ವರ್ ಬೇಕೆಂದರೆ ಅರ್ಜಿ ಬರೆದು, ದೊಡ್ಡವರೆಲ್ಲರ ಸಹಿ ಹಾಕಿಸಿ ಕಾಯಬೇಕಿತ್ತು. ಯಂತ್ರ ಬರುವ ಹೊತ್ತಿಗೆ ಅದು ಯಾಕೆ ಬೇಕಾಗಿತ್ತು ಎಂಬುದೇ ಮರೆತಿರುತ್ತಿತ್ತು. ಈಗ ಹಾಗಿಲ್ಲ. ಟೆಂಪ್ಲೇಟ್, ಅಂದರೆ ಯಂತ್ರದ ಸಿದ್ಧ ಅಚ್ಚು, ಆರಿಸಿ ಗುಂಡಿ ಒತ್ತಿದರೆ, ಕಾಫಿ ಕುಡಿದು ಬರುವಷ್ಟರಲ್ಲಿ ಕ್ಲೌಡ್‌ನಲ್ಲಿ ಹತ್ತು ಯಂತ್ರಗಳು ಹುಟ್ಟಿರುತ್ತವೆ. ಹತ್ತರಲ್ಲೂ ಒಂದೇ ತಪ್ಪು ಇರುತ್ತದೆ.

ನನ್ನ ಹೊಟ್ಟೆಪಾಡು ಮೆಸೇಜಿಂಗ್ ಮಿಡಲ್‌ವೇರ್. ಮದುವೆಮನೆಗಳಲ್ಲಿ ಇದನ್ನು ವಿವರಿಸಲು ಹೋಗಿ ಸೋತು, ಈಗ ‘ಕಂಪ್ಯೂಟರ್’ ಎಂದಷ್ಟೇ ಹೇಳಿ ಎಲೆಯ ಮೇಲಿನ ಹೋಳಿಗೆಯತ್ತ ಗಮನ ಹರಿಸುತ್ತೇನೆ. ನಿಮಗಾದರೂ ಹೇಳುತ್ತೇನೆ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸಂದೇಶ ಕಳುಹಿಸಬೇಕು. ಆ ಇನ್ನೊಂದು ಮಲಗಿದ್ದರೆ, ಅದು ಏಳುವವರೆಗೆ ಸಂದೇಶವನ್ನು ಕ್ಯೂನಲ್ಲಿ ಕಾದಿಡಬೇಕು. ಇಷ್ಟೇ ಕೆಲಸ. ಇದಕ್ಕಾಗಿ ಐಬಿಎಂ 1993ರಲ್ಲಿ ಎಂಕ್ಯೂಸೀರೀಸ್ ತಂದಿತು. ಮುಂದೆ ಅದು ವೆಬ್‌ಸ್ಪಿಯರ್ ಎಂಕ್ಯೂ ಆಯಿತು, 2014ರಲ್ಲಿ ಐಬಿಎಂ ಎಂಕ್ಯೂ ಆಯಿತು. 2009ರಲ್ಲಿ ಅದೇ ಕಂಪನಿ, ಸಿದ್ಧ ಅಚ್ಚಿನಿಂದ ಯಂತ್ರಗಳನ್ನು ಹುಟ್ಟಿಸುವ ಕ್ಲೌಡ್‌ಬರ್ಸ್ಟ್ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಆಕಾಶದಲ್ಲಿರಬೇಕಾದ ಕ್ಲೌಡ್ ರ್‍ಯಾಕ್‌ನಲ್ಲಿ ಬಂದು ಕುಳಿತದ್ದು ಹೀಗೆ. 2011ರಲ್ಲಿ ವರ್ಕ್‌ಲೋಡ್ ಡಿಪ್ಲಾಯರ್, 2012ರಲ್ಲಿ ಪ್ಯೂರ್‌ಅಪ್ಲಿಕೇಶನ್ ಸಿಸ್ಟಂ ಬಂದವು. ಪೆಟ್ಟಿಗೆಗಳಿಗೆ ವಯಸ್ಸಾಯಿತು, ಆಲೋಚನೆಗೆ ಆಗಲಿಲ್ಲ: ಆಪರೇಟಿಂಗ್ ಸಿಸ್ಟಂ, ಎಂಕ್ಯೂ, ಸೆಟ್ಟಿಂಗುಗಳು ಎಲ್ಲವನ್ನೂ ಒಮ್ಮೆ ಗಂಟುಕಟ್ಟಿಡಿ, ಬೇಕಾದಾಗಲೆಲ್ಲ ಬಿಚ್ಚಿ. ಈ ಗಂಟೇ ಟೆಂಪ್ಲೇಟ್.

ನಮಗೆ ಸಿಕ್ಕಿದ ಗಂಟನ್ನು ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ದರು. ಅವರು ಬರೆದಿಟ್ಟ ಕೈಪಿಡಿಯಲ್ಲಿ ಅಂದವಾದ ಮುಖಪುಟ, ಪರಿವಿಡಿ, ಆಮೇಲೆ ‘ಮುಂದೆ ಬರೆಯಲಾಗುವುದು’ ಎಂಬ ಸಾಲು ಇದ್ದವು. ಮೊದಲ ಕಂತಿನ ಯಂತ್ರಗಳು ಹುಟ್ಟಿದಾಗ ಎಲ್ಲದರ ಕ್ಯೂ ಮ್ಯಾನೇಜರ್‌ಗೂ, ಅಂದರೆ ಕ್ಯೂಗಳನ್ನು ನೋಡಿಕೊಳ್ಳುವ ಎಂಕ್ಯೂ ಪ್ರೋಗ್ರಾಂಗೂ, ಒಂದೇ ಹೆಸರು. ಪರೀಕ್ಷೆಯಲ್ಲಿ ನಕಲು ಹೊಡೆದವನು ಉತ್ತರದ ಜೊತೆಗೆ ಪಕ್ಕದವನ ನೋಂದಣಿ ಸಂಖ್ಯೆಯನ್ನೂ ಬರೆದಂತೆ! ವಿಳಾಸದಲ್ಲಿ ತನ್ನದೇ ಹೆಸರು ಕಂಡರೆ ಎಂಕ್ಯೂ ಸಂದೇಶವನ್ನು ಹೊಸ್ತಿಲು ದಾಟಿಸುವುದೇ ಇಲ್ಲ, ಮನೆಯೊಳಗೇ ಇಟ್ಟುಕೊಳ್ಳುತ್ತದೆ. ಹೀಗಾಗಿ ಹೈದರಾಬಾದಿನವರಿಗೆ ಕಳುಹಿಸಿದ್ದೆಲ್ಲ ನಮಗೇ ತಲುಪುತ್ತಿತ್ತು. ಕಳುಹಿಸಿದ ಪ್ರೋಗ್ರಾಂಗೆ ಮಾತ್ರ ಪ್ರತಿ ಸಲವೂ ‘ಯಶಸ್ವಿ’ ಎಂಬ ಉತ್ತರ.

ಹೆಸರು ಸರಿಪಡಿಸಿದ ಮೇಲೆ 2035 ಎಂಬ ದೋಷ ಬಂತು. ಎಂಕ್ಯೂವಿನ 7.1ರಿಂದ ಈಚಿನ ಆವೃತ್ತಿಗಳಲ್ಲಿ, ಆಡಳಿತಾಧಿಕಾರವುಳ್ಳ ಬಳಕೆದಾರ ದೂರದಿಂದ ಬಂದರೆ ಬಾಗಿಲಲ್ಲೇ ತಡೆಯುವುದು ಯಾರೂ ಹೇಳದೆಯೂ ಜಾರಿಯಲ್ಲಿರುವ ನಿಯಮ; ತಡೆದಾಗ ಕೊಡುವ ಸಂಖ್ಯೆ ಇದು. ವಾರದ ಸಭೆಯಲ್ಲಿ ನಾನು “ಸದ್ಯಕ್ಕೆ 2035 ಬರುತ್ತಿದೆ” ಎಂದೆ. ಮ್ಯಾನೇಜರ್ ಮುಖ ಬಿಳುಚಿಕೊಂಡು, “ಅಷ್ಟು ತಡವಾದರೆ ಗ್ರಾಹಕರು ಒಪ್ಪುವುದಿಲ್ಲ, ಇನ್ನೂ ನಾಲ್ಕು ಜನರನ್ನು ಕೊಡಲೇ?” ಎಂದು ಕೇಳಿದರು. ಬೇಡವೆನ್ನಲು ನನಗೇನು ಹುಚ್ಚೇ?

ಆ ನಾಲ್ವರಲ್ಲಿ ಹಾಸನದ ಕಡೆಯ ಹೊಸ ಹುಡುಗನೊಬ್ಬನಿದ್ದ. ಅವನು ಬಂದ ವಾರವೇ ಸಂದೇಶಗಳು ಮಾಯವಾಗತೊಡಗಿದವು. ಕಳುಹಿಸುವವರು ಕಳುಹಿಸಿದ್ದೇವೆ ಎಂದರು, ಪಡೆಯುವವರು ಅರ್ಧ ಮಾತ್ರ ಬಂದಿದೆ ಎಂದರು. ಗುರಿ ತಲುಪದ ಸಂದೇಶಗಳನ್ನು ಹಾಕುವ ಡೆಡ್ ಲೆಟರ್ ಕ್ಯೂ ಖಾಲಿ ಹೊಡೆಯುತ್ತಿತ್ತು. ನೆಟ್‌ವರ್ಕ್ ವಿಭಾಗದವರು ತಮ್ಮ ಕುಲದ ಏಕೈಕ ಮಂತ್ರವಾದ “ಪಿಂಗ್ ಆಗುತ್ತಿದೆ” (ಅಂದರೆ, ಕರೆದರೆ ಯಂತ್ರ ಓಗೊಡುತ್ತಿದೆ) ಎಂಬುದನ್ನು ಪಠಿಸಿ ಫೋನ್ ಇಟ್ಟರು. ವಿಚಿತ್ರವೆಂದರೆ, ಕ್ಯೂನಲ್ಲಿ ಎಷ್ಟಿವೆ ಎಂದು ಕೇಳಿದರೆ ನಲವತ್ತು ಎನ್ನುತ್ತಿತ್ತು. ಯಾವುವು ಎಂದು ಹುಡುಗ ತೆರೆದು ನೋಡಿದರೆ ಒಂದೂ ಇರುತ್ತಿರಲಿಲ್ಲ. ಮತ್ತೆ ಎಣಿಸಿದರೆ ಸೊನ್ನೆ.

“ಸರ್, ನಾನು ನೋಡಿದೆ ಅಷ್ಟೇ, ಏನನ್ನೂ ಮುಟ್ಟಿಲ್ಲ” ಎಂದು ಪಾಪದ ಹುಡುಗ ಎಲ್ಲರ ಮುಂದೆ ಗೋಗರೆದ. ಯಾರೂ ನಂಬಲಿಲ್ಲ. ಇವನ ದೃಷ್ಟಿಯೇ ಸರಿಯಿಲ್ಲ ಎಂದು ಮೊದಲು ತಮಾಷೆಗೆ ಹೇಳಿದವರು, ಸಂಜೆಯ ಹೊತ್ತಿಗೆ ಅವನನ್ನು ಪರದೆಯಿಂದ ದೂರ ಕೂರಿಸಿದರು. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟೋಣವೆಂಬ ಸಲಹೆಯೂ ಬಂತು. ಆದರೆ ಕ್ಲೌಡ್‌ಗೆ ಎಲ್ಲಿ ಕಟ್ಟುವುದು? ಆಯುಧಪೂಜೆಯಲ್ಲೂ ನಮ್ಮದು ಇದೇ ಗೋಳು: ಯಂತ್ರ ಯಾವ ಊರಿನಲ್ಲಿದೆಯೋ ತಿಳಿಯದೆ, ಬ್ರೌಸರ್ ತೆರೆದಿಟ್ಟು ಲ್ಯಾಪ್‌ಟಾಪಿಗೇ ಕುಂಕುಮ ಹಚ್ಚುತ್ತೇವೆ.

ಕಾರಣ ಸಿಕ್ಕಿದ್ದು ಟೆಂಪ್ಲೇಟಿನ ಹೊಟ್ಟೆಯೊಳಗಿನ ಒಂದು ಪುಟ್ಟ ಕಡತದಲ್ಲಿ. ಸಂದೇಶದ ಆಯಸ್ಸು 300 ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿ ‘ಐದು ನಿಮಿಷ’ ಎಂಬ ಟಿಪ್ಪಣಿ. ಎಂಕ್ಯೂ ಆಯಸ್ಸನ್ನು ಸೆಕೆಂಡಿನಲ್ಲಿ ಅಳೆಯುವುದಿಲ್ಲ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅಳೆಯುತ್ತದೆ. ಯಾಕೆಂದು ನನ್ನನ್ನು ಕೇಳಬೇಡಿ; ಬಂಗಾರವನ್ನು ಗುಲಗಂಜಿಯಲ್ಲಿ ತೂಗಿದ ನಾಡಿನವರಿಗೆ ಪ್ರಶ್ನಿಸುವ ಹಕ್ಕಿಲ್ಲ. ಐದು ನಿಮಿಷ ಬಾಳಬೇಕಾಗಿದ್ದ ಸಂದೇಶ ಮೂವತ್ತು ಸೆಕೆಂಡಿಗೇ ತೀರಿಕೊಳ್ಳುತ್ತಿತ್ತು. ಪಡೆಯುವ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಎದ್ದು ಬರುತ್ತಿತ್ತು. ನಿಮಿಷದ ಉತ್ತರಾರ್ಧದಲ್ಲಿ ಹುಟ್ಟಿದವು ಬದುಕಿದವು, ಪೂರ್ವಾರ್ಧದವು ಹೋದವು. ಶುದ್ಧ ಜಾತಕಫಲ.

ಇನ್ನು ಹುಡುಗನ ದೃಷ್ಟಿಯ ವಿಚಾರ. ಆಯಸ್ಸು ಮುಗಿದ ಸಂದೇಶವನ್ನು ಎಂಕ್ಯೂ ಆ ಕ್ಷಣವೇ ಎತ್ತಿ ಎಸೆಯುವುದಿಲ್ಲ. ಅದು ಕ್ಯೂನಲ್ಲೇ ಬಿದ್ದಿರುತ್ತದೆ, ಎಣಿಕೆಗೂ ಸೇರುತ್ತದೆ. ಆಗಾಗ ಬರುವ ಶುಚಿಕಾರ್ಯದವರು ಗುಡಿಸಬೇಕು. ಇಲ್ಲವೇ ಯಾರಾದರೂ ಓದಲು ಬಂದಾಗ, ಬರಿದೇ ಇಣುಕಿದರೂ ಸಾಕು, ಅದು ಮಾಯವಾಗುತ್ತದೆ. ಡೆಡ್ ಲೆಟರ್ ಕ್ಯೂಗೂ ಹೋಗುವುದಿಲ್ಲ. ನಿಜಕ್ಕೂ ಹುಡುಗ ನೋಡಿದ್ದರಿಂದಲೇ ಅವು ಹೋಗುತ್ತಿದ್ದವು! ಈ ಸತ್ಯ ಹೊರಬಿದ್ದ ಮೇಲೆ ಅವನ ಕ್ಷಮೆ ಕೇಳಬೇಕೋ ಬೇಡವೋ ಎಂಬುದರ ಬಗ್ಗೆ ತಂಡದಲ್ಲಿ ಎರಡು ಪಂಗಡಗಳಾದವು.

ಟೆಂಪ್ಲೇಟನ್ನು ತಿದ್ದಲು ಹತ್ತು ಸೆಕೆಂಡು ಸಾಕಾಯಿತು. ಆದರೆ ಅದನ್ನು ತಿದ್ದಿದರೆ ಮುಂದೆ ಹುಟ್ಟುವ ಯಂತ್ರಗಳು ಸರಿಯಾಗುತ್ತವೆಯೇ ಹೊರತು ಆಗಲೇ ಹುಟ್ಟಿದವು ಅಲ್ಲ. ಅವನ್ನು ಒಂದೊಂದಾಗಿ ಹುಡುಕಿ ತಿದ್ದಬೇಕು. ಹುಡುಕುವಾಗ, ಯಾರಿಗೂ ಬೇಡದೆ ಸುಮ್ಮನೆ ಓಡುತ್ತ ತಿಂಗಳ ಬಿಲ್ ಏರಿಸುತ್ತಿದ್ದ ಅನಾಥ ಯಂತ್ರಗಳೂ ಸಿಕ್ಕವು. ಆ ವಿಷಯವನ್ನು ಲೆಕ್ಕಪತ್ರದವರ ಕಿವಿಗೆ ಬೀಳದಂತೆ ಮುಗಿಸಿದೆವು.

ಕೊನೆಗೆ ಮೂಲ ಕರ್ತೃವಿಗೇ ಫೋನ್ ಮಾಡಿ, ಟೆಂಪ್ಲೇಟಿನಲ್ಲಿ ಇಂಥ ತಪ್ಪುಗಳು ಇನ್ನೆಷ್ಟಿವೆ ಎಂದು ಕೇಳಿದೆ. “ಅಯ್ಯೋ, ಅದನ್ನು ಇನ್ನೂ ಬಳಸುತ್ತಿದ್ದೀರಾ? ಊಟಕ್ಕೆ ಹೋಗುವ ಮೊದಲು ಪ್ರಯೋಗಕ್ಕೆಂದು ಮಾಡಿಟ್ಟಿದ್ದೆ” ಎಂದು ಆಶ್ಚರ್ಯಪಟ್ಟರು. ಆಮೇಲೆ ದನಿ ತಗ್ಗಿಸಿ, “ನಿಮ್ಮಿಂದ ಒಂದು ಉಪಕಾರವಾಗಬೇಕಿತ್ತು. ಇಲ್ಲಿ ನನಗೂ ಒಂದು ಟೆಂಪ್ಲೇಟ್ ಗಂಟುಬಿದ್ದಿದೆ, ತಲೆಬುಡ ಅರ್ಥವಾಗುತ್ತಿಲ್ಲ. ಅದನ್ನು ಮಾಡಿದವರು ಕಳೆದ ತಿಂಗಳು ನಿಮ್ಮಲ್ಲಿಗೇ ಸೇರಿದರಂತೆ, ಸ್ವಲ್ಪ ವಿಚಾರಿಸುತ್ತೀರಾ?” ಎಂದರು.

ವಿಚಾರಿಸಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ಅವರು ಮ್ಯಾನೇಜರ್ ಕೊಟ್ಟ ನಾಲ್ವರಲ್ಲಿ ಒಬ್ಬರು. ನಮ್ಮ ಹೊಸ ಟೆಂಪ್ಲೇಟಿನ ಕೈಪಿಡಿಗೆ ಆಗಲೇ ಮುಖಪುಟ ಸಿದ್ಧಪಡಿಸಿದ್ದರು.