ಮೂಗು, ಬೆರಳಿಂದಲೂ ವಿಜ್ಞಾನ ಕಲಿಯಬಹುದು

ಕಣ್ಣು ಕಾಣದ ಮಕ್ಕಳಿಗೆ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಬಿಡಿಸಿ ಬೇರೆ ವಿಷಯ ಕೊಡುತ್ತಾರೆ ಅಂತ ಲೇಖನದಲ್ಲಿ ಬರೆದಿದ್ದೀರಿ. ಅಂಥ ಒಂದು ಶಾಲೆಯಲ್ಲಿ ಈ ಎರಡೂ ವಿಷಯಗಳ ಹೊಣೆ ಹೊತ್ತಿದ್ದವಳು ನಾನು. ಓದಿ ಸುಮ್ನೆ ಇರಲಾಗಲಿಲ್ಲ.

ಆಮ್ಲವೋ ಕ್ಷಾರವೋ ಅಂತ ತೋರಿಸುವ ಲಿಟ್ಮಸ್ ಕಾಗದದ ಬಣ್ಣ ಕಾಣದಿದ್ದರೆ ಏನಂತೆ? ಹತ್ತನೇ ತರಗತಿ ಪುಸ್ತಕದಲ್ಲೇ ಈರುಳ್ಳಿ ಪ್ರಯೋಗ ಇದೆ ಅಲ್ವಾ! ಹೆಚ್ಚಿದ ಈರುಳ್ಳಿ ಜೊತೆ ಬಟ್ಟೆ ಚೂರುಗಳನ್ನು ರಾತ್ರಿಯಿಡೀ ಡಬ್ಬಿಯಲ್ಲಿ ಮುಚ್ಚಿಟ್ಟೆವು. ಬೆಳಿಗ್ಗೆ ಒಂದಕ್ಕೆ ತೆಳು ಆಮ್ಲ, ಇನ್ನೊಂದಕ್ಕೆ ತೆಳು ಕ್ಷಾರ (ಸೋಡಿಯಂ ಹೈಡ್ರಾಕ್ಸೈಡ್) ನಾನೇ ಹಾಕಿ, ನೀರಲ್ಲಿ ತೊಳೆದು ಕೊಟ್ಟೆ. ಎರಡನೆಯದನ್ನು ಮೂಸಿದ ಹುಡುಗಿ, "ಮಿಸ್, ಈರುಳ್ಳಿ ವಾಸನೆ ಎಲ್ಲಿ ಹೋಯ್ತು?" ಅಂದಳು. ಕ್ಷಾರದ ಪಾಠ ಅಲ್ಲಿಂದಲೇ ಶುರುವಾಯಿತು.

ಗಣಿತಕ್ಕೆ ಸಮಯ ಜಾಸ್ತಿ ಬೇಕು, ಒಪ್ಪುತ್ತೇನೆ. ಕಣ್ಣು ಕಾಣದವರು ಮುಟ್ಟಿ ಲೆಕ್ಕ ಮಾಡುವ ಹಲಗೆಯಾದ ಟೇಲರ್ ಫ್ರೇಮಿನ ಎಂಟು ಮೂಲೆಯ ತೂತುಗಳಲ್ಲಿ, ಅಂಕಿಗೆ ತಕ್ಕಂತೆ ಒಂದೊಂದೇ ಅಚ್ಚು ತಿರುಗಿಸಿ ಇಟ್ಟು ಭಾಗಾಕಾರ ಮಾಡಬೇಕು. ಒಂದು ಅಚ್ಚು ಜಾರಿದರೆ ಲೆಕ್ಕವೇ ತಪ್ಪು. ಆದರೆ ಬೆರಳಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯಲ್ಲಿ ಗಣಿತ ಬರೆಯಲು ನೆಮೆತ್ ಸಂಕೇತ ಕೊಟ್ಟ ಅಬ್ರಹಾಂ ನೆಮೆತ್ ಹುಟ್ಟಿನಿಂದಲೇ ದೃಷ್ಟಿ ಇಲ್ಲದವರು, ಗಣಿತದ ಪ್ರೊಫೆಸರ್ ಆಗಿದ್ದರು. ಮೊದಲು ನಮ್ಮ ಗಣಿತ ಶಿಕ್ಷಕರಿಗೆ ಬ್ರೈಲ್ ಕಲಿಸಿ. ವಿಷಯ ಬಿಡಿಸುವ ಮಾತು ಆಮೇಲೆ.