ಎರಡು ಕುದುರೆ, ಒಂದು ರಾಕೆಟ್

ಅಮೆರಿಕದ ರಾಕೆಟ್ಟಿನ ಗಾತ್ರ ಗೊತ್ತುಮಾಡಿದ್ದು ಎರಡು ರೋಮನ್ ಕುದುರೆಗಳ ಪೃಷ್ಠ ಎಂಬ ಸಂಶೋಧನೆ ವಾಟ್ಸ್ಆ್ಯಪ್‌ನಲ್ಲಿ ಜಾತ್ರೆಯ ತೇರಿನಂತೆ ಮತ್ತೆ ಮತ್ತೆ ಹೊರಡುತ್ತದೆ. ರೋಮನ್ ಯುದ್ಧರಥಕ್ಕೆ ಜೋಡಿ ಕುದುರೆ, ಅವುಗಳ ಅಗಲಕ್ಕೆ ತಕ್ಕ ಅಚ್ಚು, ಗಾಲಿ ಕೊರೆದ ಜಾಡು, ಜಾಡಿಗೆ ಕೂರುವ ಇಂಗ್ಲಿಷ್ ಗಾಡಿ, ಅದರಿಂದ 4 ಅಡಿ 8½ ಇಂಚು ಅಂತರದ ರೈಲು ಹಳಿ, ಹಳಿಗೊಂದು ಸುರಂಗ, ಸುರಂಗದಲ್ಲಿ ತೂರಬೇಕಾದ ಸ್ಪೇಸ್ ಷಟಲ್ ಬೂಸ್ಟರ್, ಅಂದರೆ ಆ ಗಗನನೌಕೆಯನ್ನು ಮೇಲಕ್ಕೆ ನೂಕುತ್ತಿದ್ದ ರಾಕೆಟ್.

ಅರ್ಧ ಇಂಚೂ ಬಿಟ್ಟಿಲ್ಲವೆಂದ ಮೇಲೆ ರೋಮಿನಲ್ಲೊಂದು ಪೃಷ್ಠಮಾಪನ ಇಲಾಖೆ ಇದ್ದಿರಲೇಬೇಕು. ಅಳೆಯುವವನಿಗೆ ಒದೆಭತ್ಯೆಯೂ ಇದ್ದೀತು.

ತೊಡಕೇನೆಂದರೆ ರೋಮನ್ ಸೇನೆ ರಥ ಹತ್ತಿ ಯುದ್ಧ ಮಾಡುತ್ತಿರಲಿಲ್ಲ. ಸೈನಿಕ ನಡೆಯುತ್ತಿದ್ದ, ಸಾಮಾನು ಹೇಸರಗತ್ತೆಯ ಬೆನ್ನಿಗೆ. ರಥ ಇದ್ದದ್ದು ಪಂದ್ಯಕ್ಕೆ, ವಿಜಯದ ಮೆರವಣಿಗೆಗೆ. ಪಂದ್ಯದ ದೊಡ್ಡ ರಥಕ್ಕೆ ನಾಲ್ಕು ಕುದುರೆ, ಅಕ್ಕಪಕ್ಕ. ರೋಮನ್ ಸಾಮ್ರಾಟ ನೀರೋ ಕ್ರಿ.ಶ. 67ರಲ್ಲಿ ಗ್ರೀಸಿನ ಒಲಿಂಪಿಯಾದಲ್ಲಿ ಹತ್ತು ಕಟ್ಟಿದ. ಎರಡು ಕುದುರೆಗೆ 4 ಅಡಿ 8½ ಇಂಚು ಎಂಬ ಸೂತ್ರದ ಪ್ರಕಾರ ಅದರ ಗೇಜು, ಅಂದರೆ ಗಾಲಿಗಳ ನಡುವಿನ ಅಂತರ, 23 ಅಡಿ 6½ ಇಂಚು! ರಥದಿಂದ ಉರುಳಿದ, ಓಟ ಮುಗಿಸಲಿಲ್ಲ, ಆದರೂ ಗೆದ್ದವನು ಅವನೇ ಎಂದು ಘೋಷಿಸಿದರು. ಫಾರ್ವರ್ಡ್ ಆದ ಇತಿಹಾಸಕ್ಕೂ ಇದೇ ಬಗೆಯ ತೀರ್ಪುಗಾರರು.

ಪ್ರಾಚೀನ ರೋಮನ್ ಪಟ್ಟಣ ಪಾಂಪೆಯ ಬೀದಿಗಳಲ್ಲಿ ಜಾಡುಗಳಿವೆ, ನಿಜ. ಕಬ್ಬಿಣದ ಪಟ್ಟಿ ಹೊಡೆದ ಗಾಲಿಗಳು ಕಲ್ಲು ಸವೆಸಿದ್ದು. ಜನ ಕಾಲು ನೆನೆಯದೆ ದಾಟಲೆಂದು ಬೀದಿಗೆ ಅಡ್ಡಲಾಗಿ ಎತ್ತರದ ಕಲ್ಲುಗಳನ್ನಿಟ್ಟಿದ್ದರು. ಅವುಗಳ ಸಂದಿಯಲ್ಲೇ ಗಾಲಿ ನುಸುಳಬೇಕು. ಅಚ್ಚುಗಳ ಅಳತೆ ಹೆಚ್ಚುಕಡಿಮೆ ಹೊಂದಲು ಅಷ್ಟು ಸಾಕು, ಕುದುರೆಯ ಹಿಂಭಾಗದ ಮಂಜೂರಾತಿ ಬೇಕಿಲ್ಲ.

ಇನ್ನು ಆ ಅರ್ಧ ಇಂಚು. ಇಂಗ್ಲೆಂಡಿನ ರೈಲು ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಗಣಿಯ ಹಳಿಗಳಲ್ಲಿ ರೂಢಿಯಿದ್ದ 4 ಅಡಿ 8 ಇಂಚನ್ನೇ ಹಿಡಿದಿದ್ದ. ತಿರುವಿನಲ್ಲಿ ಗಾಲಿಯ ಅಂಚು ಹಳಿಗೆ ಒತ್ತಿ ಬಿಗಿಯಾಗುತ್ತಿತ್ತು, ಸಡಿಲಕ್ಕೆಂದು ಅರ್ಧ ಇಂಚು ಬಿಟ್ಟರು. ಕುದುರೆ ದಪ್ಪಗಾದದ್ದಲ್ಲ. ಅತ್ತ ಇನ್ನೊಬ್ಬ ಎಂಜಿನಿಯರ್ ಬ್ರೂನೆಲ್ 7 ಅಡಿ ¼ ಇಂಚಿನ ಹಳಿ ಹಾಸಿದ. ಬ್ರಿಟನ್ನಿನ 1846ರ ಗೇಜ್ ಕಾಯ್ದೆಯಲ್ಲಿ ಸ್ಟೀಫನ್‌ಸನ್ ಗೆದ್ದದ್ದು, ಅವನ ಅಳತೆಯ ಹಳಿ ಆಗಲೇ ಹೆಚ್ಚು ಮೈಲಿ ಹಬ್ಬಿದ್ದರಿಂದ.

ಬೂಸ್ಟರಿನ ವ್ಯಾಸವೋ ಸುಮಾರು 12 ಅಡಿ, ಹಳಿಯ ಎರಡೂವರೆ ಪಟ್ಟು. ಸುರಂಗ ಕೇಳುವುದು ಬೋಗಿಯ ಅಗಲ, ಎತ್ತರ. ಹಳಿ ಒಂದೇ ಆದರೂ ಅಮೆರಿಕದ ಬೋಗಿ ಬ್ರಿಟನ್ನಿನದಕ್ಕಿಂತ ದೊಡ್ಡದು.

ನಮ್ಮ ಬ್ರಾಡ್‌ಗೇಜ್ 5 ಅಡಿ 6 ಇಂಚು, ಅಂದರೆ ಎರಡೂಕಾಲು ಕುದುರೆಗೆ ಮೇಲೆ. ಬೆಂಗಳೂರು–ಮೈಸೂರು ಹಳಿ ಮೊದಲು ಮೀಟರ್‌ಗೇಜ್, ಸುಮಾರು 1.4 ಕುದುರೆ. ಉಳಿದ 0.6 ಕುದುರೆಯನ್ನು ಯಾರು ನುಂಗಿದರೆಂಬ ಮೆಸೇಜು ಇನ್ನೂ ಬರಬೇಕಿದೆ.